ಮನೆಗೆ ಎಷ್ಟು ಬೆಳಕು ಬೇಕು? ಬಲ್ಬ್ ತರುವ ಮೊದಲು ಮಾಡುವ ಲೆಕ್ಕ

ಬಳ್ಳಾರಿಯ ಬೆಂಗಳೂರು ರಸ್ತೆಯಿರಲಿ, ರಾಯಚೂರಿನ ತೀನ್ ಕಂದೀಲ್ ಸುತ್ತಲ ಅಂಗಡಿಗಳಿರಲಿ, ಬಲ್ಬ್ ಕೇಳಿದ ತಕ್ಷಣ ಬರುವ ಪ್ರಶ್ನೆ ಒಂದೇ: ‘ಎಷ್ಟು ವಾಟಿಂದು ಬೇಕ್ರಿ?’ ನಾವು ಒಂಬತ್ತು ಅನ್ನುತ್ತೇವೆ. ಇಲ್ಲವೇ ‘ಬೆಳಕು ಜಾಸ್ತಿ ಬರೋದು ಕೊಡ್ರಿ’ ಅಂದುಬಿಡುತ್ತೇವೆ. ಅಂಗಡಿಯವರು ಹನ್ನೆರಡರದ್ದು ತೆಗೆದು ಕೊಡುತ್ತಾರೆ. ತಂದು ಹಾಕಿದರೆ ಪಡಸಾಲೆ ಮಂಕಾಗಿಯೇ ಉಳಿಯುತ್ತದೆ, ಮಲಗುವ ಕೋಣೆಯಲ್ಲಾದರೆ ಕಣ್ಣು ಕುಕ್ಕುತ್ತದೆ.

ತೊಂದರೆ ಇರುವುದು ಪ್ರಶ್ನೆಯಲ್ಲೇ. ಬಲ್ಬ್ ಎಷ್ಟು ಕರೆಂಟು ಎಳೆಯುತ್ತದೆ ಎಂದು ಹೇಳುವುದು ವಾಟ್. ಅದು ಜೆಸ್ಕಾಂ ಬಿಲ್ಲಿಗೆ ಸಂಬಂಧಿಸಿದ್ದು. ಬಲ್ಬಿನಿಂದ ಒಟ್ಟು ಎಷ್ಟು ಬೆಳಕು ಹೊರಬರುತ್ತದೆ ಎಂಬುದಕ್ಕೆ ಬೇರೆ ಅಳತೆ ಇದೆ, ಅದು ಲುಮೆನ್. ತಂತಿ ಕಾದು ಉರಿಯುವ ಹಳೆ ಬಲ್ಬಿನ ಕಾಲದಲ್ಲಿ ಎರಡನ್ನೂ ಒಂದೇ ಅಂದುಕೊಂಡರೂ ನಡೆಯುತ್ತಿತ್ತು. 60 ವಾಟ್ ಅಂದರೆ ಸುಮಾರು 700 ಲುಮೆನ್, 100 ವಾಟ್ ಅಂದರೆ ಸುಮಾರು 1,300. ಯಾವ ಕಂಪನಿಯದ್ದಾದರೂ ಹೆಚ್ಚುಕಡಿಮೆ ಅಷ್ಟೇ. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಗಿ 9 ವಾಟಿನ ಎಲ್‌ಇಡಿ ಬಲ್ಬು ಮನೆಮನೆಗೆ ಬಂತು. ಆಗಿನಿಂದ ‘ಒಂಬತ್ತು ವಾಟ್’ ನಾಲಿಗೆಯ ಮೇಲೆ ಕೂತುಬಿಟ್ಟಿದೆ. ಆದರೆ ಇವತ್ತು ಒಂದೇ ಅಂಗಡಿಯ ಎರಡು 9 ವಾಟ್ ಬಲ್ಬುಗಳಲ್ಲಿ ಒಂದು 750 ಲುಮೆನ್ ಕೊಟ್ಟರೆ ಇನ್ನೊಂದು 950 ಕೊಡಬಹುದು. ಕರೆಂಟು ಎರಡಕ್ಕೂ ಅಷ್ಟೇ.

(ವಾಟ್ ನಂಬಿ ಮೋಸ ಹೋಗುವುದು ನಮಗೆ ಹೊಸದೇನಲ್ಲ. ರಾತ್ರಿಯೆಲ್ಲ ಉರಿಸುತ್ತಿದ್ದ ಹಳೆಯ ‘ಝೀರೋ ಬಲ್ಬ್’ ನಿಜಕ್ಕೂ 12–15 ವಾಟ್ ತಿನ್ನುತ್ತಿತ್ತು. ಈಗಿನ 9 ವಾಟಿನ ದೊಡ್ಡ ಬಲ್ಬಿಗಿಂತ ಜಾಸ್ತಿ!)

ಮೊದಲು ಡಬ್ಬಿ ತಿರುಗಿಸಿ ಓದಿ

ಡಬ್ಬಿಯ ಬದಿಯಲ್ಲಿ ಲುಮೆನ್ ಸಂಖ್ಯೆ ಇರುತ್ತದೆ. ಎಷ್ಟೋ ಸಲ ಪೂರ್ತಿ ಪದ ಇರುವುದಿಲ್ಲ. ಸಂಖ್ಯೆಯ ಪಕ್ಕ ಇಂಗ್ಲಿಷಿನ ಎಲ್ ಮತ್ತು ಎಂ ಎಂಬ ಎರಡು ಸಣ್ಣ ಅಕ್ಷರ ಇರುತ್ತವೆ, ಅಷ್ಟೇ. ಆ ಸಂಖ್ಯೆಯನ್ನು ವಾಟಿನಿಂದ ಭಾಗಿಸಿ. 900 ಲುಮೆನ್, 9 ವಾಟ್ ಆದರೆ ವಾಟಿಗೆ 100. ಇದು ಒಳ್ಳೆಯ ಸರಕು. 120 ದಾಟಿದರೆ ಇನ್ನೂ ಒಳ್ಳೆಯದು. 80ಕ್ಕಿಂತ ಕೆಳಗಿದ್ದರೆ ವಾಪಸ್ ಇಡಿ. ಬಲ್ಬಿನ ಮೇಲಿನ ಸ್ಟಾರ್ ಲೇಬಲ್ ಕೂಡ ವಾಟಿಗೆ ಎಷ್ಟು ಲುಮೆನ್ ಎಂಬುದನ್ನೇ ನೋಡಿ ಕೊಡುವಂಥದ್ದು. ಲುಮೆನ್ ನಮೂದಿಸದ ಡಬ್ಬಿಯನ್ನು ಎಷ್ಟೇ ಅಗ್ಗವಿದ್ದರೂ ಮುಟ್ಟಬೇಡಿ ಅನ್ನುವುದು ನನ್ನ ಸಲಹೆ.

ಆಮೇಲೆ ಟೇಪ್ ಹಿಡಿದು ಕೋಣೆ ಅಳೆಯಿರಿ

900 ಲುಮೆನ್ ಅಂದರೆ ಸಾಕೋ ಸಾಲದೋ? ಕೋಣೆ ನೋಡದೆ ಹೇಳಲು ಬರುವುದಿಲ್ಲ. ಒಂದು ಬಕೆಟ್ ನೀರನ್ನು ಬಾಗಿಲ ಮುಂದಿನ ಅಂಗಳಕ್ಕೆ ಚೆಲ್ಲಿದರೆ ನೆಲ ತೋಯುತ್ತದೆ, ಅದೇ ನೀರನ್ನು ಕಣದ ತುಂಬ ಚೆಲ್ಲಿದರೆ ಧೂಳೂ ಅಡಗುವುದಿಲ್ಲ. ಬೆಳಕೂ ಹಾಗೇ. ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಲುಮೆನ್‌ಗೆ ಲಕ್ಸ್ ಅನ್ನುತ್ತಾರೆ. ಕೂತು ಮಾತಾಡುವ ಪಡಸಾಲೆಗೆ 100ರಿಂದ 150 ಲಕ್ಸ್ ಸಾಕು. ಅಡುಗೆಮನೆಗೆ 200 ಇರಲಿ. ಮಕ್ಕಳು ಓದುವ ಮೇಜಿನ ಮೇಲೆ 300 ಬೇಕು. ಬಚ್ಚಲು, ಮೆಟ್ಟಿಲಿಗೆ 100 ಧಾರಾಳ.

ನಮ್ಮಲ್ಲಿ ಎಲ್ಲರೂ ಅಳೆಯುವುದು ಅಡಿಯಲ್ಲಿ. ಒಂದು ಚದರ ಮೀಟರ್ ಅಂದರೆ 10.76 ಚದರ ಅಡಿ. ಅಷ್ಟು ಸೂಕ್ಷ್ಮ ಮನೆಗೆ ಬೇಡ, ಹತ್ತು ಅಂತಲೇ ಹಿಡಿಯಿರಿ. ಚದರ ಅಡಿಯನ್ನು ಲಕ್ಸ್‌ನಿಂದ ಗುಣಿಸಿ, ಹತ್ತರಿಂದ ಭಾಗಿಸಿ. 8 ಅಡಿಗೆ 10 ಅಡಿಯ ಅಡುಗೆಮನೆ ಅಂದರೆ 80 ಚದರ ಅಡಿ. 80 ಗುಣಿಸು 200, ಭಾಗಿಸು 10. ಅಲ್ಲಿಗೆ 1,600 ಲುಮೆನ್.

ಇಷ್ಟಕ್ಕೇ ನಿಲ್ಲಿಸಿದರೆ ಬೆಳಕು ಸಾಲುವುದಿಲ್ಲ. ಬಲ್ಬಿನಿಂದ ಹೊರಟ ಬೆಳಕೆಲ್ಲ ನಿಮ್ಮ ಕೈಕೆಳಗೆ ಬಂದು ಬೀಳುವುದಿಲ್ಲವಲ್ಲ. ಗೋಡೆ ಒಂದಿಷ್ಟು ನುಂಗುತ್ತದೆ, ಮಾಳಿಗೆ ಒಂದಿಷ್ಟು ನುಂಗುತ್ತದೆ. ಬಿಳಿ ಸುಣ್ಣದ ಗೋಡೆಯಾದರೆ ಒಂದೂವರೆ ಪಟ್ಟು ಹಿಡಿಯಿರಿ, 2,400 ಲುಮೆನ್ ಆಯಿತು. ಗೋಡೆ ಗಾಢ ಬಣ್ಣದ್ದಾದರೆ ಎರಡು ಪಟ್ಟು, 3,200. ನಮ್ಮ ಕಡೆಯ ಹಳೆ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲೆ ಹೊಗೆ ಹಿಡಿದ ತೊಲೆ, ಕೆಳಗೆ ಕಪ್ಪು ಕಡಪ ಕಲ್ಲು, ಸುತ್ತ ಹಸಿರು ಎಣ್ಣೆ ಬಣ್ಣ. ಅಲ್ಲಿ ಎರಡು ಪಟ್ಟೂ ಕೆಲವೊಮ್ಮೆ ಸಾಲದು. ಇಂಥ ಕೋಣೆಗೆ ಇನ್ನೊಂದು ಲೈಟ್ ಹಾಕಿಸುವ ಮೊದಲು ಮೇಲ್ಭಾಗಕ್ಕೆ ಸುಣ್ಣ ಹೊಡೆಸಿ ನೋಡಿ. ಅದಕ್ಕೆ ತಿಂಗಳ ಬಿಲ್ ಬರುವುದಿಲ್ಲ.

ಈಗ ಅಂಗಡಿಗೆ ಹೋಗಿ. 2,400 ಬೇಕಿದ್ದವರು 2,000 ಲುಮೆನ್‌ನ ಒಂದು 20 ವಾಟ್ ಎಲ್‌ಇಡಿ ಟ್ಯೂಬ್ ಮತ್ತು ಒಲೆಯ ಮೇಲಕ್ಕೆ ಒಂದು ಸಣ್ಣ ಬಲ್ಬ್ ತಂದರೆ ಮುಗಿಯಿತು.

ಬೆಳಕನ್ನು ಕೆಲಸದ ಹತ್ತಿರ ತನ್ನಿ

ಎಲ್ಲರೂ ತಪ್ಪುವುದು ಇಲ್ಲೇ. ಒಂದು ದೊಡ್ಡ ಲೈಟನ್ನು ಕೋಣೆಯ ನಡುವೆ ತೂಗಿಹಾಕಿ ಕೈತೊಳೆದುಕೊಳ್ಳುತ್ತಾರೆ. ಬಳ್ಳಾರಿಯ ಯಾವುದಾದರೂ ಜೀನ್ಸ್ ಹೊಲಿಯುವ ಘಟಕಕ್ಕೆ ಸಂಜೆ ಹೊತ್ತು ಹೋಗಿ ನೋಡಿ, ಅರ್ಥವಾಗುತ್ತದೆ. ಬಟ್ಟೆ ಕಡು ನೀಲಿ, ಬಿದ್ದ ಬೆಳಕನ್ನೆಲ್ಲ ಹೀರುವಂಥದ್ದು. ಒಳಹೊಲಿಗೆಯ ದಾರವೂ ಕೆಲವೊಮ್ಮೆ ಅದೇ ನೀಲಿ. ಹಿಂದಿನ ಹೊಲಿಗೆ ಎಲ್ಲಿ ನಿಂತಿತು ಅಂತ ಬೆರಳಲ್ಲಿ ತಡವಿ ಹುಡುಕುತ್ತಾರೆ. ತಲೆಯ ಮೇಲೆ ಹತ್ತಡಿ ಎತ್ತರದಲ್ಲಿ ಟ್ಯೂಬ್ ಉರಿಯುತ್ತಿರುತ್ತದೆ. ಹೊಲಿಯುವವರು ಬಗ್ಗಿದ ಕೂಡಲೇ ಅವರ ತಲೆಯ ನೆರಳೇ ಸೂಜಿಯ ಮೇಲೆ ಬೀಳುತ್ತದೆ. ಇಂಥ ಕೆಲಸಕ್ಕೆ ಸೂಜಿಯ ಕೆಳಗೆ 750 ಲಕ್ಸ್ ಬೇಕು. ಮೇಲಿನ ಒಂದು 20 ವಾಟ್ ಟ್ಯೂಬಿನಿಂದ ನೇರವಾಗಿ ಮೇಜಿಗೆ ಮುಟ್ಟುವುದು ನೂರರ ಆಸುಪಾಸು.

ದಾರಿ ಎರಡಿವೆ. ಒಂದು, ಟ್ಯೂಬನ್ನು ಸರಪಳಿ ಕಟ್ಟಿ ಕೆಳಗಿಳಿಸುವುದು. ದೂರ ಅರ್ಧಕ್ಕಿಳಿದರೆ ಬಲ್ಬಿನ ನೇರ ಕೆಳಗೆ ಬೆಳಕು ನಾಲ್ಕು ಪಟ್ಟು ಆಗುತ್ತದೆ. ಉದ್ದದ ಟ್ಯೂಬಿಗೆ ಪೂರ್ತಿ ನಾಲ್ಕು ಬರುವುದಿಲ್ಲ, ಮೂರು ಪಟ್ಟಂತೂ ಬರುತ್ತದೆ. ಎರಡನೆಯದು ಇನ್ನೂ ಸುಲಭ. ಅಯಸ್ಕಾಂತದಿಂದ ಮಷೀನಿಗೆ ಅಂಟಿಕೊಳ್ಳುವ, ಕತ್ತು ಬಾಗಿಸಬಹುದಾದ ಪುಟ್ಟ ಎಲ್‌ಇಡಿ ದೀಪ ಸಿಗುತ್ತದೆ. ಬರೀ 100 ಲುಮೆನ್ ಇದ್ದರೂ ಸಾಕು. ಗೇಣು ದೂರದಿಂದ, ಕಿರಿದಾದ ಕೋನದಲ್ಲಿ ಬೀಳುವುದರಿಂದ ಸೂಜಿಯ ಬುಡದಲ್ಲಿ ಸಾವಿರ ಲಕ್ಸ್ ದಾಟುತ್ತದೆ. ಹಾಗಂತ ಮೇಲಿನ ಟ್ಯೂಬ್ ಆರಿಸಬೇಡಿ. ಸುತ್ತ ಕತ್ತಲಿದ್ದು ಸೂಜಿಯ ಮೇಲೆ ಮಾತ್ರ ಬೆಳಕಿದ್ದರೆ ಕಣ್ಣು ಬೇಗ ದಣಿಯುತ್ತದೆ.

ಮನೆಗೂ ಇದೇ ಮಾತು. ಅಕ್ಕಿ ಆರಿಸುವ ಜಾಗ, ರೊಟ್ಟಿ ಬಡಿಯುವ ಕಟ್ಟೆ, ಓದುವ ಮೇಜು, ಇವಕ್ಕೆ ಪ್ರತ್ಯೇಕ ಸಣ್ಣ ದೀಪ ಕೊಟ್ಟರೆ ನಡುಮನೆಯ ದೊಡ್ಡ ದೀಪದ ಮೇಲೆ ಖರ್ಚು ಉಳಿಯುತ್ತದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ದೀಪ ಎಡಗಡೆಯಿಂದ ಬರಲಿ, ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ.

ಬಿಳಿ ಜಾಸ್ತಿಯಿದ್ದರೆ ಬೆಳಕು ಜಾಸ್ತಿ ಅಲ್ಲ

ಡಬ್ಬಿಯ ಮೇಲೆ 6500 ಕೆ (ಕೆಲ್ವಿನ್) ಎಂದಿದ್ದರೆ ನೀಲಿ ಛಾಯೆಯ ಬಿಳಿ, 3000 ಕೆ ಎಂದಿದ್ದರೆ ಹಳದಿ. ಇದು ಬರೀ ಬಣ್ಣ. ಎಷ್ಟು ಬೆಳಕು ಎಂಬುದನ್ನು ಇದರಿಂದ ತಿಳಿಯಲಾಗದು. ನಮ್ಮ ಜನಕ್ಕೆ ಬಿಳಿಯೇ ಇಷ್ಟ, ಬಿಸಿಲ ನಾಡಿನಲ್ಲಿ ಅದು ತಂಪು ಅನ್ನಿಸುತ್ತದೋ ಏನೋ. ಮಲಗುವ ಕೋಣೆಗೆ ಮಾತ್ರ 3000 ಹಾಕಿ. ಬಣ್ಣದ ಕೆಲಸ ಮಾಡುವವರು ಇನ್ನೊಂದು ಸಂಖ್ಯೆ ನೋಡಬೇಕು, ಅದು ಸಿಆರ್‌ಐ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ, ನೂರಕ್ಕೆ. ಮನೆಗೆ 80 ಸಾಕು. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಚ್ಚುವವರಿಗೆ, ಸೀರೆ ಅಂಗಡಿಯವರಿಗೆ 90 ಇರಲಿ. ಕಡಿಮೆ ಇದ್ದರೆ ರಾತ್ರಿ ನೋಡಿದ ಕೆಂಪು ಬೆಳಿಗ್ಗೆ ಬೇರೆಯೇ ಕೆಂಪಾಗಿರುತ್ತದೆ.

ಬಿಸಿಲು ಮತ್ತು ಧೂಳಿನ ಲೆಕ್ಕ

ಎಲ್‌ಇಡಿಗೆ ಶೆಕೆ ಆಗಿಬರುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಸುತ್ತ ಮುಚ್ಚಿದ ಗಾಜಿನ ಬುಡ್ಡಿಯೊಳಗೆ 12 ವಾಟಿನ ಬಲ್ಬ್ ಹಾಕಿದರೆ ಶಾಖ ಹೊರಹೋಗಲು ದಾರಿಯಿಲ್ಲದೆ ಒಳಗಿನ ಡ್ರೈವರ್ (ಎಲ್‌ಇಡಿಗೆ ತಕ್ಕಂತೆ ಕರೆಂಟು ಹದಮಾಡಿ ಕೊಡುವ ಸರ್ಕ್ಯೂಟ್) ಬೇಗ ಸುಡುತ್ತದೆ. ‘25,000 ಗಂಟೆ’ ಎಂದು ಡಬ್ಬಿಯ ಮೇಲೆ ಬರೆದಿರುವುದು ಈ ಶಾಖವನ್ನು ಲೆಕ್ಕಕ್ಕಿಟ್ಟುಕೊಂಡಲ್ಲ. ಇನ್ನೊಂದು ವಿಷಯ, ಎಲ್‌ಇಡಿಯ ಆಯುಸ್ಸು ಎಣಿಸುವುದು ಪೂರ್ತಿ ಆರುವವರೆಗಲ್ಲ, ಸಾಮಾನ್ಯವಾಗಿ ಬೆಳಕು ಮೊದಲಿನ ಶೇ 70ಕ್ಕೆ ಇಳಿಯುವವರೆಗೆ. ಆದ್ದರಿಂದ ಮೊದಲೇ ಸ್ವಲ್ಪ ಹೆಚ್ಚಿಗೆ ಲುಮೆನ್ ತನ್ನಿ.

ಧೂಳಿನ ಬಗ್ಗೆ ಸಂಡೂರು, ಹೊಸಪೇಟೆ ಕಡೆಯವರಿಗೆ ಹೇಳಬೇಕಾಗಿಲ್ಲ. ಟ್ಯೂಬಿನ ಮೇಲೆ ಕೆಂಪು ಪದರ ಕೂತರೆ ಬೆಳಕು ತಾನಾಗಿ ಕುಗ್ಗುತ್ತದೆ. ಸ್ವಿಚ್ ಆರಿಸಿ, ತಣ್ಣಗಾದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಹೊಸದು ತರುವ ಮುನ್ನ ಒಮ್ಮೆ ಒರೆಸಿ ನೋಡಿದರೆ ಎಷ್ಟೋ ಸಲ ತರುವ ಅಗತ್ಯವೇ ಬೀಳುವುದಿಲ್ಲ.

ಹಾಕಿದ ಮೇಲೆ ಪರೀಕ್ಷೆ ಮಾಡಿ

ಫೋನಿಗೆ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತವೆ. ಸೆನ್ಸರ್ ಇರುವುದು ಪರದೆಯ ಮೇಲ್ತುದಿಯಲ್ಲಿ. ಕತ್ತಲಾದ ಮೇಲೆ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು, ನೀವು ಪಕ್ಕಕ್ಕೆ ಸರಿದು ನೋಡಿ. ಸಂಖ್ಯೆ ಕರಾರುವಾಕ್ ಅಲ್ಲ, ಆದರೆ ಈ ಮೂಲೆಗೂ ಆ ಮೂಲೆಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಹಾಗೇ ಕ್ಯಾಮೆರಾ ತೆರೆದು ಬಲ್ಬಿನತ್ತ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ದಪ್ಪಗೆ ಓಡಿದರೆ ಆ ಬಲ್ಬು ಮಿಣುಕುತ್ತಿದೆ ಎಂದರ್ಥ. ಅದನ್ನು ಓದುವ ಮೇಜಿಗೆ, ತಿರುಗುವ ಮಷೀನಿನ ಹತ್ತಿರಕ್ಕೆ ಹಾಕಬೇಡಿ. ಬಚ್ಚಲಿಗೆ ನಡೆಯುತ್ತದೆ.

ಕೊನೆಗೆ, ಹಾಕಿದ ತಾರೀಖನ್ನು ಬಲ್ಬಿನ ಬುಡದ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಬಿಲ್ಲನ್ನು ಅದೇ ಡಬ್ಬಿಯೊಳಗೆ ಇಟ್ಟುಬಿಡಿ. ಹೆಚ್ಚಿನ ಎಲ್‌ಇಡಿಗಳಿಗೆ ವರ್ಷ ಎರಡು ವರ್ಷದ ವಾರಂಟಿ ಇರುತ್ತದೆ, ಬಿಲ್ ಇಲ್ಲದೆ ಹೋದರೆ ಅಂಗಡಿಯಲ್ಲಿ ಸುಮ್ನೆ ವಾದ.