ಕೊಟ್ಟಿಗೆ ಬಿಟ್ಟು ಬೆಟ್ಟಕ್ಕೆ: ಗಂಡ ಹೆಂಡತಿ ಒಟ್ಟಿಗೆ ಹೊರಡುವುದು ಹೇಗೆ?

ಮನೆಯಲ್ಲಿ ಹಸು, ಕೋಳಿ, ಕೈತೋಟ ಇದ್ದರೆ ಗಂಡ ಹೆಂಡತಿ ಒಟ್ಟಿಗೆ ಊರು ಬಿಡುವುದು ಕಷ್ಟ. ಒಬ್ಬರು ಹೊರಟರೆ ಇನ್ನೊಬ್ಬರು ಉಳಿಯಲೇಬೇಕು. ನಮ್ಮ ಮನೆಯಲ್ಲೂ ಎಷ್ಟೋ ವರ್ಷ ಹೀಗೇ ನಡೆಯಿತು. ಇವರು ಬೆಟ್ಟ ಹತ್ತಿ ಬಂದು ಫೋಟೋ ತೋರಿಸುವುದು, ನಾನು ಸಗಣಿ ಕೈಯಲ್ಲೇ ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡುವುದು. ಮುಂದಿನ ಸಲ ನಾನು ಹೋಗುವುದು, ಇವರು ಉಳಿಯುವುದು. ಈಗ ಜೊತೆಯಾಗೇ ಹೋಗುತ್ತೇವೆ. ಇದಕ್ಕೆ ತಯಾರಿ ಶುರು ಮಾಡಬೇಕಾದ್ದು ಕೊಟ್ಟಿಗೆಯಿಂದ.

ಮೊದಲು ದಿನ ಗೊತ್ತು ಮಾಡಿ. ಕರೆಯುವ ಹಸು ಇದ್ದರೆ ದೂರದ ಪ್ರಯಾಣವನ್ನು ಅದು ಹಾಲು ಬತ್ತಿಸಿದ ಕಾಲಕ್ಕೆ ಇಟ್ಟುಕೊಳ್ಳಿ. ಕರು ಹಾಕುವ ಮುಂಚೆ ಸುಮಾರು 60 ದಿನ ಹಸುವಿಗೆ ಹಾಲಿನಿಂದ ಬಿಡುವು ಕೊಡುತ್ತೇವಲ್ಲ, ಆ ಎರಡು ತಿಂಗಳಲ್ಲಿ ಮೇವು, ನೀರು ನೋಡಿಕೊಳ್ಳುವವರು ಸಿಕ್ಕರೆ ಸಾಕು. ಆದರೆ ಬತ್ತಿಸಿದ ಮೊದಲ ವಾರ ಕೆಚ್ಚಲು ಬಾತಿದೆಯಾ ಅಂತ ನೀವೇ ನೋಡಬೇಕು, ಕೊನೆಯ ಎರಡು ಮೂರು ವಾರ ಯಾವಾಗ ಬೇಕಾದರೂ ಕರು ಹಾಕಬಹುದು, ಹಾಗಾಗಿ ನಡುವಿನ ದಿನಗಳೇ ನಿಮ್ಮವು.

ಬೇರೆ ಕಾಲದಲ್ಲಿ ಹೋಗಲೇಬೇಕು ಅಂದರೆ, ಹಾಲು ಕರೆಯುವವರನ್ನು ಒಂದು ವಾರ ಮುಂಚೆಯೇ ಕೊಟ್ಟಿಗೆಗೆ ಕರೆಸಿ. ಹೊಸ ಕೈಗೆ ಹಸು ಸುಲಭವಾಗಿ ಸೊರೆ ಬಿಡುವುದಿಲ್ಲ, ಅಂದರೆ ಹಾಲು ಇಳಿಸುವುದಿಲ್ಲ. ಮೊದಲ ಎರಡು ಸಂಜೆ ಅವರು ಪಕ್ಕದಲ್ಲಿ ನಿಂತು ನೋಡಲಿ, ಆಮೇಲೆ ಎರಡು ಸಂಜೆ ಅವರು ಕರೆಯಲಿ, ನೀವು ಹಸುವಿನ ಕುತ್ತಿಗೆ ತುರಿಸುತ್ತಾ ಮುಂದೆ ನಿಂತಿರಿ. ಕೊನೆಯ ಎರಡು ದಿನ ನೀವು ಕೊಟ್ಟಿಗೆ ಕಡೆ ಹೋಗಲೇಬೇಡಿ. ನಮ್ಮ ಹಸು ಮೊದಲ ದಿನ ಬಕೆಟ್ ಒದ್ದಿತ್ತು, ನಾಲ್ಕನೇ ದಿನ ಮೆಲುಕು ಹಾಕುತ್ತಾ ಸುಮ್ನೆ ನಿಂತಿತು. ಅವತ್ತು ನನಗಾದ ನೆಮ್ಮದಿ ಯಾವ ಬೆಟ್ಟದ ತುದಿಯಲ್ಲೂ ಆಗಿಲ್ಲ.

ಕೋಳಿಗಳದ್ದು ಸುಲಭ, ಆದರೆ ನೀರು ಮರೆಯಬೇಡಿ. ಒಂದು ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಜಾಸ್ತಿ. ಹತ್ತು ಕೋಳಿಗೆ ಒಂದೇ ಪಾತ್ರೆ ಇಟ್ಟು ಅದು ಮಗುಚಿಕೊಂಡರೆ ಮುಗಿಯಿತು, ಅದಕ್ಕೇ ಎರಡು ಕಡೆ ಇಡಿ. ಗೂಡಿನ ಬಾಗಿಲನ್ನು ಕತ್ತಲಾಗುವ ಮುಂಚೆ ಹಾಕುವ ಕೆಲಸ ಯಾರದ್ದು ಅಂತ ಹೆಸರಿಟ್ಟು ಹೇಳಿ. ತೋಟಕ್ಕೆ ಹೊರಡುವ ಹಿಂದಿನ ಸಂಜೆ ಚೆನ್ನಾಗಿ ನೀರು ಬಿಟ್ಟು ಬುಡಕ್ಕೆ ತರಗೆಲೆ ಹೊದಿಸಿದರೆ ಮೂರು ದಿನ ಯೋಚನೆ ಇಲ್ಲ.

ಇನ್ನು ಬ್ಯಾಗ್. ಒಂದು ಟೆಂಟ್, ಒಂದು ಒಲೆ ಇಬ್ಬರಿಗೂ ಸಾಕು, ಅದು ಜೋಡಿಯಾಗಿ ಹೋಗುವುದರ ದೊಡ್ಡ ಲಾಭ. ಭಾರವನ್ನು ಅರ್ಧ ಅರ್ಧ ಹಂಚಬೇಡಿ. ಮೈ ತೂಕದ ಐದನೇ ಒಂದು ಪಾಲು ಮೀರದಂತೆ ಹಂಚಿ. 75 ಕಿಲೋ ಇರುವವರು 15 ಹೊತ್ತರೆ, 50 ಕಿಲೋ ಇರುವವರು 10. ಆದರೆ ಕೆಲವು ವಸ್ತು ಇಬ್ಬರ ಹತ್ತಿರವೂ ಇರಲೇಬೇಕು: ನೀರು, ಟಾರ್ಚ್, ಸೀಟಿ, ಮಳೆ ಕೋಟು, ಒಂದಿಷ್ಟು ತಿಂಡಿ, ಕಾಲಿಗೆ ಅಂಟಿಸುವ ಟೇಪು.

ಟೇಪಿನ ಮಾತು ಯಾಕೆ ಅಂದರೆ, ಒಂದು ಸಲ ಏರು ದಾರಿಯಲ್ಲಿ ನನ್ನ ಹಿಮ್ಮಡಿ ಉರಿಯಲು ಶುರುವಾಯಿತು. ಟೇಪು ಇವರ ಬ್ಯಾಗಿನಲ್ಲಿತ್ತು, ಇವರು ಇಪ್ಪತ್ತು ನಿಮಿಷ ಮುಂದೆ ಇದ್ದರು. ಸಿಕ್ಕಾಗ ಸಾಕ್ಸ್ ತೆಗೆದು ನೋಡಿದರೆ ಗುಳ್ಳೆ ಎದ್ದು ಒಡೆದಿತ್ತು, ಚರ್ಮ ಸಾಕ್ಸಿಗೇ ಅಂಟಿಕೊಂಡಿತ್ತು. ಉರಿ ಶುರುವಾದ ಕೂಡಲೇ ನಿಂತು ಟೇಪು ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ನೋವಾಗಿದ್ದು ಒಬ್ಬಳೇ ನಡೆದಿದ್ದಕ್ಕೆ. ಅವತ್ತಿನಿಂದ ನಿಧಾನ ನಡೆಯುವವರೇ ಮುಂದೆ. ಇದೊಂದನ್ನು ಪಾಲಿಸಿದರೆ ದಾರಿಯ ಅರ್ಧ ಜಗಳ ಕಡಿಮೆಯಾಗುತ್ತದೆ, ಯಾಕಂದರೆ ಮುಂದಿರುವವರಿಗೆ ಹಿಂದೆ ಬಿದ್ದೆ ಅನ್ನುವ ಆತಂಕ ಇಲ್ಲ, ಹಿಂದಿರುವವರಿಗೆ ಜೊತೆಗಾರರು ಕಣ್ಣೆದುರೇ ಇರುತ್ತಾರೆ. ದಾರಿ ಕವಲಾದ ಕಡೆ ಇಬ್ಬರೂ ಸೇರುವ ತನಕ ಯಾರೂ ಮುಂದೆ ಹೆಜ್ಜೆ ಇಡಬಾರದು.

ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಲು ಒಂದು ಹಳೆಯ ಸೂತ್ರವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಹೇಳಿದ್ದು. ಈಗಿನ ಅಳತೆಯಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 600 ಮೀಟರ್ ಏರು ಇರುವ 12 ಕಿಲೋಮೀಟರ್ ದಾರಿಗೆ ಸುಮಾರು ಮೂರೂವರೆ ಗಂಟೆ. ಇದು ಗಟ್ಟಿ ಕಾಲಿನವರು ನಿಲ್ಲದೆ ನಡೆದರೆ. ಟೆಂಟ್ ಹೊತ್ತ ನಾವು ಅದರ ಒಂದೂವರೆ ಪಟ್ಟು ಹಿಡಿಯುತ್ತೇವೆ, ಊಟದ ಹೊತ್ತು ಬೇರೆ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮುಂಚೆ ಟೆಂಟ್ ಹಾಕುವ ಜಾಗ ತಲುಪುವ ಹಾಗೆ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬನ್ನಿ.

ಮೇಲೆ ಹೋದ ಹಾಗೆ ಚಳಿ ಜಾಸ್ತಿ, ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಹತ್ತಿ ಬಟ್ಟೆ ಬೆವರಿಗೆ ನೆನೆದರೆ ಬೇಗ ಒಣಗುವುದಿಲ್ಲ, ಮೈಗೆ ತಾಗುವ ಬಟ್ಟೆ ಬೇಗ ಒಣಗುವಂಥದ್ದಾಗಿರಲಿ. ಹೊಳೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ, ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ. ಬಹಿರ್ದೆಸೆಗೆ ನೀರಿನಿಂದ 60 ಮೀಟರ್ ದೂರ ಹೋಗಿ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಆಳ ಗುಂಡಿ ತೋಡಿ, ಮುಚ್ಚಿ.

ಗುಡುಗಿನ ವಿಷಯ ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಅಂತ ಅರ್ಥ. ಬೆಟ್ಟದ ನೆತ್ತಿ, ಒಂಟಿ ಮರ ಬಿಟ್ಟು ಕೆಳಗಿಳಿಯಿರಿ, ಸಿಕ್ಕಿದರೆ ಕಟ್ಟಡದ ಒಳಗೋ ಕಾರಿನ ಒಳಗೋ ಸೇರಿಕೊಳ್ಳಿ, ಟೆಂಟ್ ಸಿಡಿಲನ್ನು ತಡೆಯುವುದಿಲ್ಲ. ಬಯಲಲ್ಲೇ ಸಿಕ್ಕಿಬಿದ್ದರೆ, ಹೆದರಿಕೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂರಬೇಕು ಅನ್ನಿಸುತ್ತದೆ ಅಲ್ವಾ, ಹಾಗೆ ಮಾಡಬೇಡಿ. ದೂರ ದೂರ ಇರಿ, ಆದರೆ ಕಣ್ಣಿಗೆ ಕಾಣುವಷ್ಟು. ಒಬ್ಬರಿಗೆ ಸಿಡಿಲು ಬಡಿದರೆ ಇನ್ನೊಬ್ಬರು ಉಳಿದು ಸಹಾಯ ಮಾಡಬೇಕು. ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರು, ನಾಡಿ ಇಲ್ಲದಿದ್ದರೆ ತಕ್ಷಣ ಎದೆ ಒತ್ತಬೇಕು, ಬಾಯಿಂದ ಉಸಿರು ಕೊಡಬೇಕು. ಅದನ್ನು ಇಬ್ಬರೂ ಹೊರಡುವ ಮುಂಚೆಯೇ ಕಲಿತಿರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಏಳಬೇಡಿ.

ಹೋಗುವ ದಾರಿ, ಮರಳುವ ದಿನ, ಎಷ್ಟು ಹೊತ್ತಾದರೂ ಬಾರದಿದ್ದರೆ ಯಾರಿಗೆ ತಿಳಿಸಬೇಕು, ಇಷ್ಟನ್ನು ಹಾಳೆಯಲ್ಲಿ ಬರೆದು ಕೊಟ್ಟಿಗೆ ಬಾಗಿಲಿಗೆ ಅಂಟಿಸಿ ಹೋಗಿ. ದನ ನೋಡುವವರು ದಿನಾ ಎರಡು ಸಲ ಅಲ್ಲಿಗೆ ಬಂದೇ ಬರುತ್ತಾರೆ, ಫೋನಿನ ಮೆಸೇಜಿಗಿಂತ ಅದು ಗಟ್ಟಿ.

ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಟೆಂಟನ್ನು ಒಣಹಾಕಿಯೇ ಮಲಗಿ, ಒದ್ದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ನಾವು ಅದನ್ನು ಕೊಟ್ಟಿಗೆಯ ಅಡ್ಡ ತೊಲೆಗೆ ನೇತುಹಾಕುತ್ತೇವೆ. ಆಮೇಲೆ ಮನೆ ನೋಡಿಕೊಂಡವರ ಜೊತೆ ಕೂತು ಯಾವ ಹಸು ಮೇವು ಬಿಟ್ಟಿತು, ಯಾವ ಕೋಳಿ ಎಲ್ಲಿ ಮೊಟ್ಟೆ ಇಟ್ಟಿತು ಅಂತ ಎಲ್ಲ ಕೇಳಿ, ಅವರು ಯಾವಾಗ ಊರಿಗೆ ಹೋಗುತ್ತಾರೆ ಅಂತಲೂ ಕೇಳಿ ದಿನ ಬರೆದಿಟ್ಟುಕೊಳ್ಳಿ. ಆ ದಿನಗಳಲ್ಲಿ ಅವರ ಕೊಟ್ಟಿಗೆ ಕೆಲಸ ನಿಮ್ಮದು.