ವೀಲ್‌ಲಾಕ್ ಬಂದೂಕು: ಮೊದಲು ಚಕ್ರ ನೋಡಿ, ಕುಸುರಿ ಆಮೇಲೆ

ಯುರೋಪ್, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ವೀಲ್‌ಲಾಕ್ ಬಂದೂಕಿನ (ತಿರುಗುವ ಚಕ್ರಕ್ಕೆ ಕಲ್ಲುಜ್ಜಿ ಕಿಡಿ ಹಾರಿಸುವ ಹಳೆಯ ಕಾಲದ ಬಂದೂಕು) ಮುಂದೆ ನಿಲ್ಲುವ ನಮ್ಮವರಲ್ಲಿ ಹೆಚ್ಚಿನವರು ಕೊಂಬಿನ ಕುಸುರಿಗೆ ಮರುಳಾಗಿ, ಒಂದು ಫೋಟೊ ತೆಗೆದು, ಪಕ್ಕದ ಕತ್ತಿಯತ್ತ ಸರಿದುಬಿಡುತ್ತಾರೆ. ಆ ಬಂದೂಕಿನ ಜೀವಾಳ ಇರುವುದು ಬಲಬದಿಗೆ ಕೂರಿಸಿದ ಉಕ್ಕಿನ ತಗಡಿನಲ್ಲಿ, ಅಂದರೆ ಮದ್ದಿಗೆ ಕಿಡಿ ಮುಟ್ಟಿಸುವ ‘ಲಾಕ್’ ಎಂಬ ಯಂತ್ರದಲ್ಲಿ. ಅದನ್ನು ಅರಿಯದೆ ಉಳಿದದ್ದನ್ನೆಲ್ಲ ನೋಡಿ ಪ್ರಯೋಜನವಿಲ್ಲ.

ಹಂತ 1: ಗುರುತು ಹಿಡಿಯಿರಿ. ಉರಿಯುವ ಬತ್ತಿಯನ್ನು ಕಚ್ಚುವ ಕೊಕ್ಕೆ ಇದ್ದರೆ ಮ್ಯಾಚ್‌ಲಾಕ್. ಚಕಮಕಿ ಕಲ್ಲು ಕಚ್ಚಿದ ಕೊಕ್ಕು, ಅದರ ಎದುರಿಗೊಂದು ಉಕ್ಕಿನ ಪಟ್ಟಿ ಇದ್ದರೆ ಫ್ಲಿಂಟ್‌ಲಾಕ್. ಟಿಪ್ಪುವಿನ ಹೆಸರಿನಲ್ಲಿ ಉಳಿದಿರುವ ಪ್ರಸಿದ್ಧ ಬಂದೂಕುಗಳು ಈ ಬಗೆಯವು. ದುಂಡನೆಯ ಚಕ್ರ, ಅದರ ನಡುವೆ ಹೊರಚಾಚಿದ ಚೌಕಾಕಾರದ ಮೊಳೆ ಕಂಡರೆ ಅದೇ ವೀಲ್‌ಲಾಕ್.

ಹಂತ 2: ಕೆಲಸದ ಸರಣಿಯನ್ನು ಬೆರಳಿಟ್ಟು ಹಿಂಬಾಲಿಸಿ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಅವಸರ ಬೇಡ. ಮೊದಲು ಆ ಚೌಕ ಮೊಳೆ. ಅದಕ್ಕೆ ಕೀಲಿ ಸಿಕ್ಕಿಸಿ ಸುಮಾರು ಮುಕ್ಕಾಲು ಸುತ್ತು ತಿರುಗಿಸಿದರೆ ಒಳಗಿನ ಪುಟ್ಟ ಸರಪಳಿ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಸರಪಳಿಯ ಇನ್ನೊಂದು ತುದಿ ದಪ್ಪನೆಯ ಸ್ಪ್ರಿಂಗಿಗೆ ಕಟ್ಟಿದೆ, ಸ್ಪ್ರಿಂಗ್ ಬಿಗಿಯುತ್ತದೆ. ಆಗ ಒಂದು ಸಣ್ಣ ಮೂತಿ ಚಕ್ರದ ಒಳಬದಿಯ ಕುಳಿಗೆ ಹೊಕ್ಕು ಅದನ್ನು ತಡೆದು ನಿಲ್ಲಿಸುತ್ತದೆ. ಈಗ ಮೇಲೆ ನೋಡಿ: ಚಕ್ರದ ಗೀರುಗೀರಾದ ಅಂಚು ಮದ್ದಿನ ಬಟ್ಟಲಿನ (ನಳಿಗೆಯೊಳಗಿನ ಮದ್ದಿಗೆ ಬೆಂಕಿ ದಾಟಿಸುವ ಪುಟ್ಟ ಕುಳಿ) ತಳದ ಸೀಳಿನಿಂದ ಒಳಕ್ಕೆ ಇಣುಕುತ್ತದೆ. ಬಟ್ಟಲಿಗೆ ನಯವಾದ ಮದ್ದು ಹಾಕಿ, ಮುಚ್ಚಳ ಎಳೆದು, ಪೈರೈಟ್ (ಕಬ್ಬಿಣ, ಗಂಧಕ ಬೆರೆತ ಖನಿಜ) ಕಲ್ಲು ಕಚ್ಚಿದ ಕೊಕ್ಕನ್ನು ಮುಚ್ಚಳದ ಮೇಲೆ ಇಳಿಸಬೇಕು. ಟ್ರಿಗರ್ ಒತ್ತಿದೊಡನೆ ಚಕ್ರ ಗಿರ್ರನೆ ತಿರುಗುತ್ತದೆ, ಮುಚ್ಚಳ ತಾನಾಗಿ ಸರಿಯುತ್ತದೆ, ಕಲ್ಲು ಚಕ್ರಕ್ಕೆ ಉಜ್ಜಿ ಕಿಡಿ ಹಾರಿಸುತ್ತದೆ.

ಕೊಕ್ಕು ಬಟ್ಟಲಿನಿಂದ ದೂರ, ನಳಿಗೆಯ ತುದಿಯತ್ತ ವಾಲಿದ್ದರೆ ಬಹಳ ಮಂದಿ ‘ಹಾರಿಸಲು ಸಿದ್ಧವಾಗಿದೆ’ ಎನ್ನುತ್ತಾರೆ. ತಪ್ಪು. ಫ್ಲಿಂಟ್‌ಲಾಕಿನ ಅಭ್ಯಾಸದಿಂದ ಬರುವ ಎಡವಟ್ಟು ಅದು. ವೀಲ್‌ಲಾಕಿನಲ್ಲಿ ಕೊಕ್ಕು ದೂರವಿದ್ದರೆ ಬಂದೂಕು ನಿರಪಾಯ. ಮುಚ್ಚಳದ ಮೇಲೆ ಒರಗಿದ್ದರೇ ಎಚ್ಚರ ಬೇಕು.

ಹೋಗುವ ಮುನ್ನ ಚಕ್ರ ತಿರುಗುವುದನ್ನು ತೋರಿಸುವ ವಿಡಿಯೊ ಒಂದನ್ನು ನೋಡಿಕೊಂಡರೆ ಅರ್ಧ ಕೆಲಸ ಹಗುರ. ಆದರೆ ಅದರಲ್ಲಿ ‘ಚಕಮಕಿ ಕಲ್ಲು’ ಎಂದು ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಚಕಮಕಿ ಬಲು ಗಡುಸು, ಚಕ್ರದ ಅಂಚನ್ನು ಸವೆಸುತ್ತದೆ. ಮೆದುವಾದ ಪೈರೈಟ್ ಬಳಸಿದ್ದು ಅದಕ್ಕೇ. ಅಂಗಡಿಗಳಲ್ಲಿ ಗೋಡೆಗೆ ತೂಗುಹಾಕಲು ಮಾರುವ ನಕಲುಗಳನ್ನಂತೂ ಕೊಳ್ಳಲೇಬೇಡಿ: ಅವುಗಳಲ್ಲಿ ಚಕ್ರವೆಂಬುದು ಎರಕದ ಉಬ್ಬು, ತಿರುಗುವುದೇ ಇಲ್ಲ.

ಹಂತ 3: ಯಾರಿಗಾಗಿ ಮಾಡಿದ್ದೆಂದು ಕೇಳಿಕೊಳ್ಳಿ. ಬತ್ತಿ ಉರಿಸುವ ಗೋಜಿಲ್ಲದ್ದರಿಂದ ಇದನ್ನು ತುಂಬಿಸಿ ನಿಲುವಂಗಿಯೊಳಗೆ ಅಡಗಿಸಬಹುದಿತ್ತು. ಆ ಭಯಕ್ಕೇ ಪವಿತ್ರ ರೋಮನ್ ಸಾಮ್ರಾಟ ಒಂದನೆಯ ಮ್ಯಾಕ್ಸಿಮಿಲಿಯನ್ 1517ರ ಸುಮಾರಿಗೆ ‘ತಾನೇ ಹೊತ್ತಿಕೊಳ್ಳುವ’ ಬಂದೂಕುಗಳನ್ನು ನಿಷೇಧಿಸಿದ. ಕುದುರೆಯ ಮೇಲೆ ಬತ್ತಿ ಸಂಭಾಳಿಸಲಾಗದ ಸವಾರರಿಗೆ ಈ ಬಂದೂಕು ವರವಾಯಿತು. ಬೆಲೆ ದುಬಾರಿಯಾದ್ದರಿಂದ ಕಾಲಾಳುಗಳಿಗೆ ಬತ್ತಿಯೇ ಗತಿ. ಮ್ಯಾಕ್ಸಿಮಿಲಿಯನ್ನನ ಮೊಮ್ಮಗ ಐದನೆಯ ಚಾರ್ಲ್ಸ್‌ಗಾಗಿ ಮ್ಯೂನಿಕ್‌ನ ಪೀಟರ್ ಪೆಕ್ 1540–45ರ ಸುಮಾರಿಗೆ ಮಾಡಿದ ಜೋಡಿ ನಳಿಗೆಯ ಪಿಸ್ತೂಲು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಪೆಕ್ ಗಡಿಯಾರಗಳನ್ನೂ ಮಾಡುತ್ತಿದ್ದ. ಎರಡು ನಳಿಗೆಗಳಿಗೆ ಬೇಕಾದ ಎರಡು ಲಾಕುಗಳನ್ನು ಒಂದೇ ಯಂತ್ರದೊಳಗೆ ಅಡಕಿಸಿದ್ದು ನೋಡಿದರೆ ಆ ಕೈಯ ಪಳಗಿಕೆ ತಿಳಿಯುತ್ತದೆ. ಆದರೂ ನನ್ನ ಮಾತು ಕೇಳುವುದಾದರೆ ರಾಜರ ಬಂದೂಕಿಗಿಂತ ಮೊದಲು ಆಸ್ಟ್ರಿಯಾದ ಗ್ರಾಜ್ ನಗರದ ಹಳೆಯ ಶಸ್ತ್ರಾಗಾರಕ್ಕೆ ಹೋಗಿ. ಸವಾರರ ಸಾದಾ ಪಿಸ್ತೂಲುಗಳು ಅಲ್ಲಿ ಸಾಲುಸಾಲಾಗಿವೆ. ಕಣ್ಣು ಪಳಗುವುದು ಅಲ್ಲಿಯೇ.

ಹಂತ 4: ಈಗ ಮರದತ್ತ ಬನ್ನಿ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದಂತೆಯೇ ಇಲ್ಲಿಯೂ ಮರವನ್ನು ಕೊರೆದು, ಸಾರಂಗದ ಕೊಂಬಿನ ತುಂಡುಗಳನ್ನು ಕೂರಿಸಿ, ಅವುಗಳ ಮೇಲೆ ಸಣ್ಣ ಗೆರೆ ಕೊರೆದು ಕಪ್ಪು ತುಂಬಿದ್ದಾರೆ. ಹಂದಿಯ ಬೇಟೆ, ನಾಯಿಗಳು, ಬಳ್ಳಿಗಳು ಕಾಣುತ್ತವೆ. ಚಿತ್ರ ಚೆನ್ನಾಗಿದೆಯೆಂದು ನಂಬಿಬಿಡಬೇಡಿ. 19ನೇ ಶತಮಾನದಲ್ಲಿ ಸಂಗ್ರಾಹಕರ ಹುಚ್ಚು ಏರಿದಾಗ ಒಂದರ ಲಾಕನ್ನು ಇನ್ನೊಂದರ ಮರಕ್ಕೆ ಜೋಡಿಸಿ ಮಾರಿದವರಿದ್ದಾರೆ. ತಗಡಿನ ಅಂಚಿಗೂ ಮರಕ್ಕೂ ನಡುವೆ ಸಂದಿ ಬಿಟ್ಟಿದೆಯೇ, ಒಂದೆರಡು ಕೊಂಬಿನ ತುಂಡುಗಳು ಮಾತ್ರ ಹೆಚ್ಚು ಬೆಳ್ಳಗಿವೆಯೇ ಎಂದು ನೋಡಿ. ದುರಸ್ತಿ, ಬದಲಾವಣೆಯ ಮೊದಲ ಸುಳಿವು ಅಲ್ಲಿ ಸಿಗುತ್ತದೆ. ಮೊಬೈಲನ್ನು ಗಾಜಿಗೆ ತಾಗಿಸಿ ಹಿಡಿದರೆ ಪ್ರತಿಬಿಂಬ ಬೀಳದು.

ಹಂತ 5: ಸಲಕರಣೆ. ದೊಡ್ಡ ಡಬ್ಬಿ ನಳಿಗೆಗೆ ಹಾಕುವ ದಪ್ಪ ಮದ್ದಿಗೆ, ಸಣ್ಣದು ಬಟ್ಟಲಿನ ನಯವಾದ ಮದ್ದಿಗೆ. ಕವಲೊಡೆದ ಕೊಂಬಿನಿಂದ ಮಾಡಿದ ಡಬ್ಬಿಯನ್ನು ಒಡವೆಯೆಂದು ತಿಳಿದವರನ್ನು ಕಂಡಿದ್ದೇನೆ. ಮೂತಿ, ಮುಚ್ಚಳ ಹುಡುಕಿದರೆ ಗೊಂದಲವಿರದು. ಕೀಲಿಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಅದು ಕಳೆದರೆ ಅಷ್ಟು ಬೆಲೆಯ ಬಂದೂಕು ಕೆಲಸಕ್ಕೆ ಬಾರದು. ಕೆಲವು ಕೀಲಿಗಳ ಹಿಡಿಯಲ್ಲಿ ತಿರುಪುಳಿಯನ್ನೋ ಮದ್ದಿನ ಅಳತೆಯನ್ನೋ ಸೇರಿಸಿರುತ್ತಿದ್ದರು. ಪೆಟ್ಟಿಗೆಯಲ್ಲಿ ಬಂದೂಕಿನ ಪಕ್ಕ ಇಟ್ಟ ಕೀಲಿ ಅದರದ್ದೇ ಆಗಿರಬೇಕೆಂದಿಲ್ಲ. ಕೀಲಿಯ ರಂಧ್ರವನ್ನೂ ಚಕ್ರದ ಮೊಳೆಯನ್ನೂ ಕಣ್ಣಳತೆಯಲ್ಲಿ ಹೋಲಿಸಿ, ಫಲಕದಲ್ಲಿ ಎರಡಕ್ಕೂ ಒಂದೇ ಊರು, ಒಂದೇ ಕಾಲ ಬರೆದಿದೆಯೇ ಎಂದು ಓದಿಕೊಳ್ಳಿ.