ಅಮ್ಮನಿಗೆ ಕ್ವಿಲ್ಟ್ ಹೊಲಿಯುತ್ತಿದ್ದೀರಾ? ಒಳಗೆ ಏನಿಡಬೇಕು ಅಂತ ಮೊದಲು ಯೋಚಿಸಿ

ಹ್ಯೂಸ್ಟನ್‌ಗೆ ಹೊಸದಾಗಿ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಮೊದಲ ವರ್ಷದಲ್ಲೇ ಕ್ವಿಲ್ಟ್ ಹೊಲಿಯಲು ಶುರು ಮಾಡುತ್ತಾರೆ. ಕ್ವಿಲ್ಟ್ ಅಂದರೆ ಮೇಲೊಂದು, ಕೆಳಗೊಂದು ಬಟ್ಟೆ, ನಡುವೆ ಮೆತ್ತನೆಯ ಪದರ ಇಟ್ಟು ಹೊಲಿದ ಹೊದಿಕೆ. ಡಿಪೆಂಡೆಂಟ್ ವೀಸಾದಲ್ಲಿ ಬಂದವರಿಗೆ ಕೆಲಸ ಸಿಗುವುದು ಕಷ್ಟ. ಪಕ್ಕದ ಮನೆಯ ಅಜ್ಜಿ ಹೊಲಿಗೆ ಗುಂಪಿಗೆ ಕರೆದುಕೊಂಡು ಹೋಗುತ್ತಾರೆ. ವರ್ಷಕ್ಕೊಮ್ಮೆ ಊರಲ್ಲೇ ಅಂತರರಾಷ್ಟ್ರೀಯ ಕ್ವಿಲ್ಟ್ ಮೇಳ ಬೇರೆ ನಡೆಯುತ್ತದೆ. ನಾಲ್ಕೈದು ತಿಂಗಳಲ್ಲಿ ಕೈ ಕುದುರುತ್ತದೆ. ಆಮೇಲೆ ಎಲ್ಲರಿಗೂ ಬರುವ ಆಸೆ ಒಂದೇ. ಊರಿಗೆ ಹೋಗುವಾಗ ಅಮ್ಮನಿಗೆ ಒಂದು ಹೊಲಿದುಕೊಂಡು ಹೋಗಬೇಕು.

ಮೇಲಿನ ಬಟ್ಟೆಗೆ ಎರಡು ತಿಂಗಳು ಯೋಚಿಸುತ್ತೀರಿ. ಬಣ್ಣ, ಬಾರ್ಡರ್, ನಕ್ಷತ್ರದ ಮಾದರಿ ಎಲ್ಲ ನೋಡುತ್ತೀರಿ. ಒಳಗೆ ಹಾಕುವ ಆ ಮೆತ್ತನೆಯ ಪದರಕ್ಕೆ ಬ್ಯಾಟಿಂಗ್ ಅನ್ನುತ್ತಾರೆ. ಅದನ್ನು ಮಾತ್ರ ಕೊನೆ ದಿನ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ತರುತ್ತೀರಿ. ಅಮ್ಮ ಅದನ್ನು ಹೊದೆಯುತ್ತಾರೋ, ಮಡಿಸಿ ಟ್ರಂಕಿಗೆ ಹಾಕುತ್ತಾರೋ ಅನ್ನುವುದು ಆ ಬ್ಯಾಟಿಂಗ್ ಮೇಲೇ ನಿಂತಿದೆ. ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಾನು ಪ್ರತಿ ಚಳಿಗಾಲ ಮೈಸೂರಿಗೆ ಬರುತ್ತೇನೆ. ಈಗಲೂ ಸರಸ್ವತಿಪುರಂನ ತವರುಮನೆಯಲ್ಲೇ ಕೂತಿದ್ದೇನೆ. ಜನವರಿ. ಬೆಳಗಿನ ಜಾವ 16 ಡಿಗ್ರಿ ಆಸುಪಾಸು, ಮಧ್ಯಾಹ್ನ 28 ದಾಟುತ್ತದೆ. ಏಪ್ರಿಲ್‌ನಲ್ಲಿ 35ರ ಹತ್ತಿರ ಹೋಗುತ್ತದೆ. ಹ್ಯೂಸ್ಟನ್ ಇದಕ್ಕಿಂತ ಜಾಸ್ತಿ ಸೆಕೆಯ ಊರು, ಆದರೆ ಅಲ್ಲಿ ಮನೆಯೊಳಗೆ ಹಗಲೂ ರಾತ್ರಿ ಎಸಿ ಓಡುತ್ತದೆ. ಆಗಸ್ಟ್‌ನಲ್ಲೂ ರಗ್ಗು ಹೊದ್ದು ಮಲಗುತ್ತೇವೆ, ಅಲ್ವಾ? ಇಲ್ಲಿ ಅಮ್ಮ ಮಲಗುವುದು ಫ್ಯಾನ್ ಕೆಳಗೆ. ಅವರಿಗೆ ಬೇಕಿರುವುದು ಫ್ಯಾನ್ ಗಾಳಿಯಿಂದ ಕಾಲು ತಣ್ಣಗಾಗದ ಹಾಗೆ, ನಸುಕಿನ ಚಳಿ ತಾಗದ ಹಾಗೆ ಮೈಮೇಲೆ ಹಗುರವಾಗಿ ಕೂರುವ ಒಂದು ಹೊದಿಕೆ. ಹ್ಯೂಸ್ಟನ್ ಮಲಗುವ ಕೋಣೆಗೆ ಸರಿಯಾದದ್ದು ಈ ಕೋಣೆಗೆ ಸರಿಹೋಗುವುದಿಲ್ಲ.

ನಾನು ಹೊಲಿದ ಮೊದಲ ಕ್ವಿಲ್ಟ್ ಮಂಡ್ಯದ ಅತ್ತೆಗೆ. ಉಬ್ಬಿಕೊಂಡಿದ್ದ ದಪ್ಪ ಪಾಲಿಯೆಸ್ಟರ್ ಬ್ಯಾಟಿಂಗ್ ಹಾಕಿದ್ದೆ. ನೋಡಲು ಮೋಡದ ಹಾಗಿತ್ತು. ಅತ್ತೆ ಖುಷಿಯಿಂದ ಹೊದ್ದುಕೊಂಡರು. ಅವರ ಮನೆ ಇರುವುದು ನಾಲೆ ಬಯಲಿನಲ್ಲಿ, ಸುತ್ತ ಗದ್ದೆ, ಕಬ್ಬು. ಗಾಳಿಯಲ್ಲೇ ತೇವ. ಬೆಳಿಗ್ಗೆ ಐದಕ್ಕೆ ನಾನೆದ್ದು ನೋಡಿದರೆ ಕ್ವಿಲ್ಟ್ ಅಚ್ಚುಕಟ್ಟಾಗಿ ಮಡಿಸಿ ಕುರ್ಚಿಯ ಮೇಲಿತ್ತು. ಅತ್ತೆ ತಮ್ಮ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊದ್ದು ಮಲಗಿದ್ದರು. ಕ್ವಿಲ್ಟಿನ ಕುತ್ತಿಗೆ ಭಾಗ ಮುಟ್ಟಿದರೆ ಇನ್ನೂ ಒದ್ದೆ. ಏನೂ ಹೇಳಲಿಲ್ಲ ಅವರು. ನನಗೆ ಅಳು ಬಂತು.

ಕಾರಣ ಸರಳ. ಹತ್ತಿ ಗಾಳಿಯಲ್ಲಿರುವ ತೇವವನ್ನು ತನ್ನ ತೂಕದ ಶೇಕಡಾ 8ರಷ್ಟು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಶೇಕಡಾ ಅರ್ಧ ಕೂಡ ಇಲ್ಲ. ಬೆವರಿಗೆ ಹೋಗಲು ಜಾಗ ಸಿಗದೆ ಮೈಗೂ ಬಟ್ಟೆಗೂ ಅಂಟಿಕೊಳ್ಳುತ್ತದೆ. ಉಬ್ಬು ಇದ್ದಷ್ಟೂ ಅದರಲ್ಲಿ ಗಾಳಿ ನಿಲ್ಲುತ್ತದೆ. ಗಾಳಿ ನಿಂತಷ್ಟೂ ಬಿಸಿ. ಅಂಗಡಿಯವರು ಈ ಉಬ್ಬನ್ನು ಲಾಫ್ಟ್ ಅನ್ನುತ್ತಾರೆ. ನೀವು ಕೇಳಬೇಕಾದ್ದು ಲೋ ಲಾಫ್ಟ್, ಪೂರ್ತಿ ಹತ್ತಿ. ಇಂಗ್ಲೆಂಡಿನಲ್ಲಿ ಇದ್ದರೆ ಬ್ಯಾಟಿಂಗ್ ಅನ್ನಬೇಡಿ, ಅಲ್ಲಿ ಇದಕ್ಕೆ ವಾಡಿಂಗ್ ಅಂತಾರೆ.

ಅಂಗಡಿಯಲ್ಲಿ ಸಿಗುವುದರಲ್ಲಿ ಮೈಸೂರಿಗೆ ನಾನು ಆರಿಸುವುದು ಕ್ವಿಲ್ಟರ್ಸ್ ಡ್ರೀಮ್ ಕಂಪನಿಯ ಹತ್ತಿ ಬ್ಯಾಟಿಂಗ್‌ನಲ್ಲಿ ರಿಕ್ವೆಸ್ಟ್ ಅನ್ನುವ ದರ್ಜೆ. ಅವರ ನಾಲ್ಕು ದಪ್ಪಗಳಲ್ಲಿ ಇದೇ ತೀರಾ ತೆಳು. ಮೆತ್ತಗೆ ಬಳುಕುತ್ತದೆ, ಕೈಹೊಲಿಗೆಗೆ ಸೂಜಿ ಸರಾಗವಾಗಿ ಹೋಗುತ್ತದೆ. ವಾರ್ಮ್ ಅಂಡ್ ನ್ಯಾಚುರಲ್ ಅನ್ನುವ ಬ್ಯಾಟಿಂಗ್ ಎಲ್ಲ ಕಡೆ ಸಿಗುತ್ತದೆ. ಅದೂ ಹತ್ತಿಯೇ. ಅದರಲ್ಲಿ ತೆಳುವಾದ ಸಿಂಥೆಟಿಕ್ ಬಲೆ ಸೇರಿಸಿ ಸೂಜಿಯಿಂದ ಚುಚ್ಚಿ ಗಟ್ಟಿ ಮಾಡಿರುತ್ತಾರೆ. ಒಗೆತಕ್ಕೆ ಚೆನ್ನಾಗಿ ತಡೆಯುತ್ತದೆ, ಆದರೆ ಸ್ವಲ್ಪ ಬಿಗಿ, ಕೈಹೊಲಿಗೆಯವರಿಗೆ ಬೆರಳು ನೋಯುತ್ತದೆ. ಹಾಬ್ಸ್ ಕಂಪನಿಯ 80/20, ಅಂದರೆ 80 ಭಾಗ ಹತ್ತಿ, 20 ಭಾಗ ಪಾಲಿಯೆಸ್ಟರ್, ಹ್ಯೂಸ್ಟನ್ ಮನೆಗೆ ಒಳ್ಳೆಯದು. ಅಮ್ಮನ ಮನೆಗೆ ಬೇಡ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡಿದ ಬ್ಯಾಟಿಂಗ್ ಪರಿಸರಕ್ಕೆ ಒಳ್ಳೆಯದು ಅಂತ ಮಾರುತ್ತಾರೆ. ಇರಬಹುದು, ಆದರೆ ಅದೂ ಪಾಲಿಯೆಸ್ಟರೇ. ಬಿದಿರಿನದು ಅನ್ನುವುದು ಸಾಮಾನ್ಯವಾಗಿ ಬಿದಿರಿನ ತಿರುಳಿನಿಂದ ಮಾಡಿದ ರೇಯಾನ್. ಹತ್ತಿ ಬೆರೆತಿದ್ದರೆ ತಂಪಾಗಿ ಬೀಳುತ್ತದೆ, ತಪ್ಪೇನಿಲ್ಲ. ಉಣ್ಣೆ ಸೆಕೆಗೂ ಒಗ್ಗುತ್ತದೆ ಅನ್ನುವವರಿದ್ದಾರೆ. ನಮ್ಮ ಮನೆಗಳಲ್ಲಿ ನುಸಿ ಹಿಡಿಯುತ್ತದೆ, ಕಲ್ಲಿನ ಮೇಲೆ ಕುಕ್ಕಿದರೆ ಗಟ್ಟಿಯಾಗಿ ಕುಗ್ಗುತ್ತದೆ. ಬೇಡ.

ಇನ್ನು ನನ್ನ ಮನಸ್ಸಿಗೆ ಹತ್ತಿರವಾದದ್ದು ಹೇಳುತ್ತೇನೆ. ಬ್ಯಾಟಿಂಗ್ ಕೊಳ್ಳಲೇಬೇಡಿ. ಹಳೆಯ ನೂಲಿನ ಸೀರೆ ಇಡಿ.

ಉತ್ತರ ಕರ್ನಾಟಕದ ಕೌದಿ ನೋಡಿದ್ದೀರಲ್ಲ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿಯೂ ಹಾಗೇ. ಅದರಲ್ಲಿ ಅರಳೆ ತುಂಬುವುದಿಲ್ಲ. ಹಳೆಯ ಬಟ್ಟೆಯ ಪದರಗಳೇ ಅದರ ಹೊಟ್ಟೆ. ಬೆರಳಗಲ ಬಿಟ್ಟು ಬಿಟ್ಟು ಓಟದ ಹೊಲಿಗೆ ಹಾಕಿ ಎಲ್ಲವನ್ನೂ ಒಂದು ಮಾಡುತ್ತಾರೆ. ಸೆಕೆನಾಡಿನ ಹೊದಿಕೆಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಎಲ್ಲೂ ಕಂಡಿಲ್ಲ.

ಲೆಕ್ಕವೂ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಸೀರೆ ಐದೂವರೆ ಮೀಟರ್, ಅಂದರೆ 216 ಇಂಚು. ಅಗಲ ಸುಮಾರು 45 ಇಂಚು. ಅಡ್ಡಕ್ಕೆ ಎರಡು ತುಂಡು ಮಾಡಿ ಪಕ್ಕಪಕ್ಕದಲ್ಲಿ ಜೋಡಿಸಿದರೆ 90ಕ್ಕೆ 108 ಇಂಚು. ಅಮೆರಿಕದ ಅಂಗಡಿಯಲ್ಲಿ ಕ್ವೀನ್ ಸೈಜ್ ಅಂತ ಬರುವ ಬ್ಯಾಟಿಂಗ್‌ನ ಅಳತೆ ಸರಿಯಾಗಿ ಇದೇ. ಒಂದು ಸೀರೆಗೆ ಒಂದು ಪದರ. ಮೈಸೂರಿಗೆ ಎರಡು ಪದರ ಸಾಕು. ಮಂಡ್ಯಕ್ಕೆ ಒಂದೇ ಸಾಕು ಅನ್ನುತ್ತೇನೆ. ಕೀಲು ನೋವಿರುವ, ಚಳಿ ಜಾಸ್ತಿ ಆಗುವ ವಯಸ್ಸಾದವರಿದ್ದರೆ ಮೂರು ಇಡಿ.

ಸೀರೆ ಆರಿಸುವಾಗ ಆತುರ ಮಾಡಬೇಡಿ. ಅಮ್ಮ ಕಾಟನ್ ಅಂತ ಕೊಟ್ಟಿದ್ದರಲ್ಲಿ ಎಷ್ಟೋ ಸಲ ಪಾಲಿಯೆಸ್ಟರ್ ಬೆರೆತಿರುತ್ತದೆ. ಅಂಚಿನಿಂದ ಎರಡು ಎಳೆ ಕಿತ್ತು, ಸಿಂಕಿನ ಮೇಲೆ ಹಿಡಿದು ಬೆಂಕಿ ತಾಗಿಸಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಮುಟ್ಟಿದರೆ ಪುಡಿ. ಬೆರಕೆ ಇದ್ದರೆ ತುದಿ ಕರಗಿ ಸಣ್ಣ ಗಟ್ಟಿ ಮಣಿಯಾಗುತ್ತದೆ. ಜರಿ ಅಂಚು ಕತ್ತರಿಸಿ ತೆಗೆಯಿರಿ, ಅದು ಒಳಗೆ ಚುಚ್ಚುತ್ತದೆ. ಅಂಚು ಹೋದರೆ ಅಗಲ ಕಡಿಮೆಯಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಗಂಜಿ ಪೂರ್ತಿ ಹೋಗುವ ತನಕ ಒಗೆಯಿರಿ. ಗಂಜಿ ಉಳಿದರೆ ಜಿರಳೆ ಹುಡುಕಿಕೊಂಡು ಬರುತ್ತದೆ.

ಹಾಗಾದರೆ ಮೈಸೂರಿನಲ್ಲೇ ಬಿಡಿ ಹತ್ತಿ ಕೊಂಡು ತುಂಬಬಹುದಲ್ಲಾ ಅಂತ ಕೇಳುತ್ತೀರಿ. ಎಚ್.ಡಿ. ಕೋಟೆ ಕಡೆ ಹತ್ತಿ ಬೆಳೆಯುತ್ತಾರೆ, ನಿಜ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ಹತ್ತಿ ಹಿಂಜುವವರು ಬರುತ್ತಿದ್ದರು. ಹೆಗಲ ಮೇಲೆ ಆಳುದ್ದದ ಬಿಲ್ಲು. ಹೆದೆಯನ್ನು ಅರಳೆಯ ಗುಡ್ಡೆಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಟುಂಯ್ ಅಂತ ಇಡೀ ಬೀದಿಗೆ ಕೇಳುತ್ತಿತ್ತು. ಹಿಡಿಯಷ್ಟಿದ್ದ ಗಂಟು ಹತ್ತಿ ಕಣ್ಣೆದುರೇ ಮೊರದಷ್ಟು ಅರಳುತ್ತಿತ್ತು. ಆ ಕೆಲಸ ನೋಡುತ್ತಾ ಸ್ಕೂಲಿಗೆ ಹೋಗುವುದನ್ನೇ ಮರೆಯುತ್ತಿದ್ದೆ. ಅವರು ಅದನ್ನು ಹಿಂಜುತ್ತಿದ್ದದ್ದು ಹಾಸಿಗೆಗೆ, ದಿಂಬಿಗೆ. ಹಾಸಿಗೆಯನ್ನು ನೀರಿಗೆ ಹಾಕುವುದಿಲ್ಲ, ಬಿಸಿಲಿಗೆ ಹಾಕುತ್ತೇವೆ. ಹೊದಿಕೆಯನ್ನು ಒಗೆಯಲೇಬೇಕು. ಬಿಡಿ ಹತ್ತಿಯ ಎಳೆಗಳನ್ನು ಹಿಡಿದಿಡಲು ಏನೂ ಇಲ್ಲ. ಎರಡು ಇಂಚಿಗೊಂದು ಹೊಲಿಗೆ ಹಾಕದಿದ್ದರೆ ಎರಡನೇ ಒಗೆತಕ್ಕೆ ಗಂಟು ಗಂಟಾಗಿ ಮೂಲೆ ಸೇರುತ್ತದೆ. ಬೂರುಗದ ಹತ್ತಿಯಂತೂ ಇನ್ನೂ ನಯ, ಜಾರುತ್ತದೆ. ದಿಂಬಿಗೆ ಅದರಷ್ಟು ಸುಖ ಬೇರೆ ಇಲ್ಲ, ಕ್ವಿಲ್ಟಿಗೆ ಮಾತ್ರ ಬೇಡ.

ಹೊಲಿಗೆಯ ಅಂತರದ ವಿಷಯ ಬಂದಿತಲ್ಲ, ಪ್ಯಾಕೆಟ್ ಮೇಲೆ ಅದನ್ನು ಬರೆದಿರುತ್ತಾರೆ. ವಾರ್ಮ್ ಅಂಡ್ ನ್ಯಾಚುರಲ್‌ಗೆ 10 ಇಂಚಿನವರೆಗೆ ಬಿಡಬಹುದು ಅಂತಾರೆ, ಕ್ವಿಲ್ಟರ್ಸ್ ಡ್ರೀಮ್ ಹತ್ತಿಗೆ 8, ಹಾಬ್ಸ್ 80/20ಕ್ಕೆ 4. ಈ ಅಂಕಿ ಮೆಷಿನ್ನಿನಲ್ಲಿ ಮೆಲ್ಲಗೆ ಒಗೆಯುವ ಮನೆಯದು. ನಮ್ಮ ಮನೆಯಲ್ಲಿ ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡುತ್ತಾರೆ. ಅದಕ್ಕೇ ನಾನು ಯಾವುದೇ ಇರಲಿ, 3 ಇಂಚಿಗಿಂತ ಜಾಸ್ತಿ ಬಿಡುವುದಿಲ್ಲ. ಹೊಲಿಗೆ ಹತ್ತಿರವಾದಷ್ಟೂ ಉಬ್ಬು ಇನ್ನಷ್ಟು ಇಳಿಯುತ್ತದೆ. ಸೆಕೆಗೆ ಅದೂ ಒಳ್ಳೆಯದೇ.

ಹತ್ತಿ ಬ್ಯಾಟಿಂಗ್ ಶೇಕಡಾ 3ರಿಂದ 5ರಷ್ಟು ಕುಗ್ಗುತ್ತದೆ. 60 ಇಂಚಿನ ಅಗಲ ಮೊದಲ ಒಗೆತಕ್ಕೆ 57 ಅಥವಾ 58 ಆಗುತ್ತದೆ. ಸ್ವಲ್ಪ ದೊಡ್ಡದಾಗೇ ಹೊಲಿಯಿರಿ.

ಒಣಗಿಸುವುದನ್ನು ಹೊಸಬರು ಯೋಚಿಸುವುದೇ ಇಲ್ಲ. ಅಲ್ಲಿ ಡ್ರೈಯರ್ ಇದೆ, ಒಂದು ಗಂಟೆಯಲ್ಲಿ ಬಿಸಿಬಿಸಿ ಕೈಗೆ ಬರುತ್ತದೆ. ಇಲ್ಲಿ ನೀರು ಕುಡಿದ ಕ್ವಿಲ್ಟನ್ನು ಅರವತ್ತೈದರ ಅಮ್ಮ ಬಕೆಟ್ಟಿನಲ್ಲಿ ತಾರಸಿಗೆ ಹೊರಬೇಕು. ಜೂನ್‌ನಿಂದ ಆಗಸ್ಟ್ ತನಕ ಮೈಸೂರಿನಲ್ಲಿ ಜಡಿಮಳೆ ಇಲ್ಲದಿದ್ದರೂ ಮೋಡ ಮುಚ್ಚಿರುತ್ತದೆ, ಆಗಾಗ ತುಂತುರು. ದಪ್ಪ ಹತ್ತಿ ಒಣಗಲು ಎರಡು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಮುಗ್ಗಲು ವಾಸನೆ ಕೂರುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಸೀರೆಯ ಎರಡು ಪದರದ ಹೊದಿಕೆ ಒಳ್ಳೆಯ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಅಳತೆಯನ್ನೂ ಇದಕ್ಕೇ ಚಿಕ್ಕದಾಗಿಡಿ. ಒಬ್ಬರಿಗೆ 60ಕ್ಕೆ 84 ಇಂಚು ಧಾರಾಳ. ಡಬಲ್ ಕಾಟಿಗೆ ಒಂದು ದೊಡ್ಡದರ ಬದಲು ಚಿಕ್ಕವು ಎರಡು.

ಹಿಂಬದಿಯ ಬಟ್ಟೆ ಬಿಗಿ ನೇಯ್ಗೆಯದಾದರೆ ಒಳಗೆ ಏನಿಟ್ಟರೂ ಪ್ರಯೋಜನ ಇಲ್ಲ. ಅದಕ್ಕೆ ಖಾದಿ ಹಾಕಿ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು ಕಟ್ಟಿದ ಜನಪದ ಸೇವಾ ಟ್ರಸ್ಟ್‌ನ ಬಟ್ಟೆ ನನಗೆ ತುಂಬ ಇಷ್ಟ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿಯೂ ಅಷ್ಟೇ. ಮುಖಕ್ಕೆ ಹಿಡಿದು ಊದಿ ನೋಡಿ, ಉಸಿರು ಆಚೆ ಬದಿಯ ಅಂಗೈಗೆ ತಾಗಬೇಕು.

ಮೊಮ್ಮಗುವಿಗೆ ಅಂತ ಹೊಲಿಯುವವರು ಒಂದು ನೆನಪಿಡಿ. ಒಂದು ವರ್ಷ ತುಂಬುವ ತನಕ ಮಗು ಮಲಗುವ ತೊಟ್ಟಿಲಲ್ಲಿ ಕ್ವಿಲ್ಟ್ ಇಡಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರು ಹೇಳುತ್ತಾರೆ. ಎಚ್ಚರವಾಗಿರುವಾಗ ನೆಲಕ್ಕೆ ಹಾಸಿ ಆಡಿಸಿ.

ಈಗ ನಾನು ಮಾಡುವುದು ಹೀಗೆ. ಅಲ್ಲಿ ಮೇಲಿನ ಪದರ ಮಾತ್ರ ಹೊಲಿದು ಮುಗಿಸುತ್ತೇನೆ. ಮಡಿಸಿದರೆ ಸೂಟ್‌ಕೇಸಿನಲ್ಲಿ ಒಂದು ಸೀರೆಯಷ್ಟೇ ಜಾಗ, ವಿಮಾನದವರ 23 ಕಿಲೋ ಲೆಕ್ಕದಲ್ಲಿ ಗೊತ್ತೇ ಆಗುವುದಿಲ್ಲ. ಇಲ್ಲಿಗೆ ಬಂದ ಮೇಲೆ ಅಮ್ಮನ ಬೀರು ತೆಗೆದು ಇಬ್ಬರೂ ಕೂತು ಸೀರೆ ಆರಿಸುತ್ತೇವೆ. ಹಾಲ್‌ನ ಸೋಫಾ ಸರಿಸಿ, ಖಾದಿ ಕೆಳಗೆ, ಸೀರೆ ನಡುವೆ, ನನ್ನದು ಮೇಲೆ ಹಾಸಿ ಉದ್ದ ಹೊಲಿಗೆಯಲ್ಲಿ ಕೂಡಿಸುತ್ತೇವೆ. ಅತ್ತೆಯ ಎರಡನೇ ಹೊದಿಕೆ ಹಾಗೇ ಆಗಿದ್ದು. ಬರುವಾಗ ಒಂಬತ್ತು ಅಥವಾ ಹತ್ತನೇ ನಂಬರಿನ ಗಿಡ್ಡ ಕ್ವಿಲ್ಟಿಂಗ್ ಸೂಜಿ, ಹೊಲಿಗೆ ದಾರ, ಬೆರಳಿಗೆ ಹಾಕುವ ಅಂಗುಸ್ತಾನ ಎರಡೆರಡು ತನ್ನಿ. ಒಂದು ಜೊತೆ ನಿಮಗೆ, ಒಂದು ಅಮ್ಮನಿಗೆ.